ತೊಟ್ಟಿಲು ಬರುವ ಮುನ್ನ

ತವರಿನಲ್ಲಿ ಬಾಣಂತನ ಮುಗಿಸಿದ ಸೊಸೆ ಕಲಬುರಗಿಯ ಶರಣಬಸವೇಶ್ವರ ದೇವಸ್ಥಾನದಲ್ಲಿ ಕೂಸಿಗೆ ದರ್ಶನ ಮಾಡಿಸಿ ಮನೆಗೆ ಬರುತ್ತಾಳೆ. ಹೊಸ್ತಿಲಲ್ಲಿ ಆರತಿ ಸಿದ್ಧ. ಆದರೆ ಮನೆಯ ನಾಯಿ?

ನಾಯಿ ಯಾರನ್ನೂ ಮೊದಲು ಗುರುತಿಸುವುದು ಮೂಗಿನಿಂದ. ಆದ್ದರಿಂದ ಕೂಸು ಹೊದ್ದ ಕುಂಚಿಗೆಯನ್ನು ಮೊದಲೇ ತರಿಸಿ, ಅದಕ್ಕೆ ಮೂಸಲು ಕೊಡಿ. ಮಕ್ಕಳೇ, ಈ ಕೆಲಸ ನಿಮ್ಮದು. ಕಟ್ಟುವ ಜಾಗ, ಊಟದ ವೇಳೆಯನ್ನೂ ಕೆಲವು ವಾರ ಮುಂಚೆಯೇ ಬದಲಿಸಿ. ಕೂಸು ಬಂದ ದಿನವೇ ಹೊರಗೆ ಕಟ್ಟಿದರೆ ನಾಯಿ ಕಂಗೆಡುತ್ತದೆ.

ರೇಬೀಸ್ ಲಸಿಕೆ ತಪ್ಪಿಸಬೇಡಿ. ಎಷ್ಟೇ ಸಾಧುವಾದರೂ ನಾಯಿಯ ಬಳಿ ಕೂಸನ್ನು ಒಂಟಿಯಾಗಿ ಬಿಡಬೇಡಿ. ಕಚ್ಚಿದರೆ, ಪರಚಿದರೆ ಗಾಯವನ್ನು 15 ನಿಮಿಷ ಸೋಪು-ನೀರಿನಿಂದ ತೊಳೆದು ಕೂಡಲೇ ಆಸ್ಪತ್ರೆಗೆ ಒಯ್ಯಿರಿ. ಅರಿಶಿಣ, ಸುಣ್ಣ ಹಚ್ಚಬೇಡಿ. ಲಕ್ಷಣ ಕಾಣಿಸಿಕೊಂಡ ಮೇಲೆ ರೇಬೀಸ್ ರೋಗಿ ಬದುಕುವುದು ಅತಿ ವಿರಳ.