ನಮ್ಮ ಗದ್ದೆ ಗದ್ದೆಯಾಗಿಯೇ ಇರಲಿ



"ರೈತ ದೇಶದ ಬೆನ್ನೆಲುಬು" ಎಂದು ನಾವು ಸಣ್ಣ ಕ್ಲಾಸಿನಿಂದಲೂ ಭಾಷಣದಲ್ಲಿ ಹೇಳುತ್ತಾ ಬಂದಿದ್ದೇವೆ. ಎಲ್ಲರೂ ಚಪ್ಪಾಳೆ ತಟ್ಟುತ್ತಾರೆ. ಅದೇ ಪರೀಕ್ಷೆಯಲ್ಲಿ ಮಾರ್ಕು ಕಡಿಮೆ ಬಂದರೆ ಮನೆಯಲ್ಲಿ ಏನು ಹೇಳುತ್ತಾರೆ? "ಓದ್ಲಿಕ್ಕೆ ಆಗದಿದ್ದರೆ ಅಡಿಕೆ ಹೆಕ್ಕಲಿಕ್ಕೆ ಹೋಗು." ಬೆನ್ನೆಲುಬು ಅಂತಲೂ ಹೇಳುವುದು, ಅದನ್ನೇ ಶಿಕ್ಷೆಯೂ ಮಾಡುವುದು. ಇದು ಹೇಗೆ ಸರಿಯಾಗುತ್ತದೆ? ಆದ್ದರಿಂದ ಈ ಸಲ ನಾನು ಬೆನ್ನೆಲುಬಿನ ವಿಷಯ ಬರೆಯುವುದಿಲ್ಲ. ನಮ್ಮ ಮನೆಯ ಅರ್ಧ ಎಕ್ರೆ ಗದ್ದೆಯ ವಿಷಯ ಬರೆಯುತ್ತೇನೆ.

ನಮಗೆ ಇರುವುದು ಒಟ್ಟು ಎರಡು ಎಕ್ರೆ. ಒಂದೂವರೆ ಎಕ್ರೆ ಅಡಿಕೆ ತೋಟ, ಅರ್ಧ ಎಕ್ರೆ ಗದ್ದೆ. ಹಟ್ಟಿಯಲ್ಲಿ ಎರಡು ದನ, ಒಂದು ಕರು. ಮನೆಯ ಹಿಂದೆ ಎರಡು ಹಲಸಿನ ಮರ, ಬಾವಿಕಟ್ಟೆಯ ಹತ್ತಿರ ಅಮ್ಮನ ಬಸಳೆ ಚಪ್ಪರ. ಇದರಲ್ಲೇ ನಾವು ಐದು ಜನ ಬದುಕುವುದು. ಬರುವ ಬೇಸಿಗೆಯಲ್ಲಿ ಜೆಸಿಬಿ ತರಿಸಿ, ಗದ್ದೆಗೆ ಮಣ್ಣು ಹಾಕಿಸಿ, ಅಡಿಕೆ ಸಸಿ ನೆಡುವುದು ಎಂದು ಅಪ್ಪ ಹೇಳಿದರು. ನಾನು ಬೇಡ ಎಂದೆ. ಊಟಕ್ಕೆ ಬಂದಿದ್ದ ಮಾವ ನಗಾಡಿ, "ನೀನು ಮದುವೆಯಾಗಿ ಹೋಗುವವಳು, ನಿನಗೆಂತಕ್ಕೆ ಗದ್ದೆಯ ಚಿಂತೆ?" ಎಂದರು. ಆಗ ನನಗೆ ಉತ್ತರ ಬರಲಿಲ್ಲ. ಈಗ ಬರೆಯುತ್ತಿದ್ದೇನೆ.

ಮೊದಲು ಅಪ್ಪನ ಕಡೆಯ ಮಾತು. ಅದರಲ್ಲಿ ಸತ್ಯ ಉಂಟು. ನೇಜಿ ನೆಡ್ಲಿಕ್ಕೆ ಜನ ಸಿಗುವುದಿಲ್ಲ. ಕೊಯ್ಯುವ ಹೊತ್ತಿಗೆ ಮಳೆ ಬರುತ್ತದೆ. ಹಂದಿ ಮತ್ತು ನವಿಲು ತಿಂದು ಉಳಿದದ್ದು ನಮಗೆ. ಕಳೆದ ಸಲ ನೇಜಿ ನೆಟ್ಟ ಮೇಲೆ ಅಮ್ಮ ಸೊಂಟನೋವಿನಿಂದ ಮೂರು ದಿನ ಮಲಗಿದ್ದರು. ಇದನ್ನೆಲ್ಲ ನೋಡಿಯೇ ಅಪ್ಪ ಹಾಗೆ ಹೇಳುವುದು.

ನಾನು ಗಣಿತ ಪುಸ್ತಕದ ಕೊನೆಯ ಹಾಳೆಯಲ್ಲಿ ಲೆಕ್ಕ ಹಾಕಿದೆ. ನಾವು ಮಾಡುವುದು ಏಣೇಲು ಒಂದೇ ಬೆಳೆ. ಮೊದಲು ಸುಗ್ಗಿ, ಕೊಳಕೆ ಅಂತ ಮೂರು ಬೆಳೆ ಆಗುತ್ತಿತ್ತಂತೆ. ಕಳೆದ ಸಲ 8 ಕ್ವಿಂಟಾಲ್ ಭತ್ತ ಬಂತು. ಬೇಯಿಸಿ ಮಿಲ್ಲಿಗೆ ಕೊಟ್ಟಾಗ ಸುಮಾರು 5 ಕ್ವಿಂಟಾಲ್ ಕುಚ್ಚಲಕ್ಕಿ ಆಯಿತು. ನಮ್ಮ ಮನೆಗೆ ದಿನಕ್ಕೆ ಒಂದೂವರೆ ಕಿಲೋ ಬೇಕು. ಅಂದರೆ ಹನ್ನೊಂದು ತಿಂಗಳ ಅಕ್ಕಿ. ಕಿಲೋಗೆ 50 ರೂಪಾಯಿ ಹಿಡಿದರೆ 25,000 ರೂಪಾಯಿ. ಟಿಲ್ಲರ್ ಬಾಡಿಗೆ, ಆಳಿನ ಸಂಬಳ, ಮಿಲ್ಲಿನ ಖರ್ಚು ಕಳೆದರೆ ಉಳಿಯುವುದು ಬೈಹುಲ್ಲು ಮಾತ್ರ ಎಂದು ಅಪ್ಪ ಹೇಳುತ್ತಾರೆ. ಅದೇ ಜಾಗದಲ್ಲಿ ಸುಮಾರು 250 ಅಡಿಕೆ ಗಿಡ ನೆಡಬಹುದು. ಮರಕ್ಕೆ 2 ಕಿಲೋ ಎಂದರೂ 500 ಕಿಲೋ. ಅದು ಲಕ್ಷದ ಲೆಕ್ಕ. ಗಣಿತದಲ್ಲಿ ಅಪ್ಪನೇ ಗೆದ್ದರು. ಅದನ್ನು ನಾನು ಒಪ್ಪುತ್ತೇನೆ.

ಆದರೆ ಆ ಲೆಕ್ಕದಲ್ಲಿ ಕೆಲವು ವಿಷಯ ಬಿಟ್ಟುಹೋಗಿದೆ.

ಒಂದನೆಯದು, ಅಡಿಕೆ ಸಸಿ ನೆಟ್ಟ ಕೂಡಲೇ ಫಸಲು ಕೊಡುವುದಿಲ್ಲ. ಐದಾರು ವರ್ಷ ಕಾಯಬೇಕು. ಅಷ್ಟು ವರ್ಷ ಅಕ್ಕಿಗೆ ದುಡ್ಡು ಕೊಡಬೇಕು. ರೇಶನ್ ಅಂಗಡಿಯಲ್ಲಿ ಸಿಗುತ್ತದಲ್ಲ ಎಂದು ಕೇಳಬಹುದು. ಅಲ್ಲಿ ಹೆಚ್ಚಾಗಿ ಸಿಗುವುದು ಬೆಳ್ತಿಗೆ. ಅಜ್ಜಿಗೆ ಕುಚ್ಚಲಕ್ಕಿ ಗಂಜಿ ಇಲ್ಲದಿದ್ದರೆ ಊಟವೇ ಅಲ್ಲ.

ಎರಡನೆಯದು, ಅಡಿಕೆಯನ್ನು ಉಣ್ಣಲಿಕ್ಕೆ ಆಗುವುದಿಲ್ಲ. ಅದಕ್ಕೆ ಧಾರಣೆ ಇದ್ದರೆ ಮಾತ್ರ ನಮಗೆ ಅನ್ನ. 1970ರ ಸುಮಾರಿಗೆ ಧಾರಣೆ ಬಿದ್ದು ಅಡಿಕೆಯನ್ನು ಕೇಳುವವರೇ ಇರಲಿಲ್ಲ ಎಂದು ಅಜ್ಜಿ ಹೇಳುತ್ತಾರೆ. ಆ ಕಷ್ಟದಿಂದಲೇ 1973ರಲ್ಲಿ ಕ್ಯಾಂಪ್ಕೊ ಹುಟ್ಟಿತು. ಅದನ್ನು ಕಟ್ಟಿದ ವಾರಣಾಶಿ ಸುಬ್ರಾಯ ಭಟ್ಟರು ನಮ್ಮ ಬಂಟ್ವಾಳ ತಾಲೂಕಿನ ಅಡ್ಯನಡ್ಕದವರು. ಈಗ ಧಾರಣೆ ಒಳ್ಳೆಯದುಂಟು. ಆದರೆ ರೋಗ ಬಿಡಬೇಕಲ್ಲ? 100 ಲೀಟರ್ ನೀರಿಗೆ 1 ಕಿಲೋ ಮೈಲುತುತ್ತು, 1 ಕಿಲೋ ಸುಣ್ಣ ಹಾಕಿ ಬೋರ್ಡೋ ಮದ್ದು ಬಿಡುತ್ತೇವೆ. ಮಳೆ ಬಿಡದೆ ಹೊಯ್ದರೆ ಮದ್ದು ಬಿಡಲಿಕ್ಕೇ ಆಗುವುದಿಲ್ಲ. 2018ರ ಮಳೆಗಾಲದಲ್ಲಿ ಹಾಗೇ ಆಯಿತು. ಆಗ ನಾನು ತುಂಬಾ ಚಿಕ್ಕವಳು. ಕೊಳೆರೋಗ ಬಂದು ತೋಟದ ಬುಡದಲ್ಲಿ ಹಸಿರು ಅಡಿಕೆ ಚಾಪೆ ಹಾಸಿದ ಹಾಗೆ ಬಿದ್ದಿತ್ತು ಎಂದು ಅಮ್ಮ ಹೇಳುತ್ತಾರೆ. ಆ ವರ್ಷ ಸೊಸೈಟಿ ಸಾಲ ಕಟ್ಟಲಿಕ್ಕೆ ಆಗಲಿಲ್ಲ. ಆದರೆ ಕಲಸೆಯಲ್ಲಿ ಅಕ್ಕಿ ಇತ್ತು, ಭರಣಿಯಲ್ಲಿ ಉಪ್ಪು ಸೊಳೆ ಇತ್ತು. ಉಪವಾಸ ಬೀಳಲಿಲ್ಲ. ಈ ವಿಷಯವನ್ನು ಅಪ್ಪನೇ ಎಷ್ಟೋ ಸಲ ಹೇಳಿದ್ದಾರೆ. ಈಗ ಮರೆತದ್ದು ಯಾಕೆ?

ಮೂರನೆಯದು ದನ. ಗದ್ದೆ ಹೋದರೆ ಬೈಹುಲ್ಲು ಹೋಯಿತು. ಹುಲ್ಲು ಹೋದರೆ ದನ ಹೋಯಿತು. ದನ ಹೋದರೆ ಡೈರಿಗೆ ಹಾಲು ಕೊಟ್ಟು ಅಮ್ಮನ ಕೈಗೆ ಬರುವ ದುಡ್ಡು ಹೋಯಿತು, ತೋಟಕ್ಕೆ ಹಟ್ಟಿಗೊಬ್ಬರವೂ ಹೋಯಿತು. ನನ್ನ ನೋಟ್ ಪುಸ್ತಕಕ್ಕೆ ದುಡ್ಡು ಬರುವುದು ಹಾಲಿನಿಂದಲೇ.

ನಾಲ್ಕನೆಯದು ನೀರು. ಗದ್ದೆಯಲ್ಲಿ ಮಳೆಗಾಲವಿಡೀ ನೀರು ನಿಲ್ಲುತ್ತದೆ. ಅದು ನಿಧಾನಕ್ಕೆ ಇಳಿದು ಬಾವಿಗೆ ಒರತೆಯಾಗುತ್ತದೆ. ನಮ್ಮ ಮೇಲಿನ ಮನೆಯವರು ಗದ್ದೆ ತುಂಬಿಸಿದ ಮೇಲೆ ಅವರ ಬಾವಿ ಮಾರ್ಚಿನಲ್ಲೇ ಬತ್ತುತ್ತದೆ. ಅಡಿಕೆಗೆ ಬೇಸಿಗೆಯಲ್ಲೇ ನೀರು ಬೇಕಾದ್ದು. ನೀರು ಕೊಡುವ ಗದ್ದೆಯನ್ನು ಮುಚ್ಚಿ ನೀರು ಕುಡಿಯುವ ಗಿಡ ನೆಟ್ಟರೆ ಮತ್ತೆ ಬೋರ್‌ವೆಲ್ ತೆಗೆಸಬೇಕು. ಆ ಖರ್ಚು ಅಪ್ಪನ ಲೆಕ್ಕದಲ್ಲಿ ಇರಲಿಲ್ಲ.

ನೀರಿನ ಬೆಲೆ ಎಷ್ಟೆಂದು ನಮ್ಮ ತಾಲೂಕಿನವರೇ ತೋರಿಸಿದ್ದಾರೆ. ಕೇಪು ಗ್ರಾಮದ ಅಮೈ ಮಹಾಲಿಂಗ ನಾಯ್ಕರು ಮೊದಲು ಬೇರೆಯವರ ತೋಟದಲ್ಲಿ ಕೂಲಿ ಮಾಡುತ್ತಿದ್ದರು. ಸಿಕ್ಕಿದ ಗುಡ್ಡದ ಜಾಗದಲ್ಲಿ ನೀರಿಗಾಗಿ ಒಬ್ಬರೇ ಸುರಂಗ ತೋಡಿದರು. ಒಂದರ ಮೇಲೊಂದು ಸುರಂಗದಲ್ಲಿ ನೀರು ಸಿಗಲಿಲ್ಲ. ಆದರೂ ಬಿಡದೆ ತೋಡಿ ನೀರು ಕಂಡರು, ಬೋಳು ಗುಡ್ಡದಲ್ಲಿ ತೋಟ ಮಾಡಿದರು. 2022ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಭತ್ತದ ವಿಷಯಕ್ಕೆ ಗಡಿಯಾಚೆಯ ಕಾಸರಗೋಡಿನಲ್ಲಿ ನೋಡಿ. ನೆಟ್ಟಣಿಗೆಯ ಸತ್ಯನಾರಾಯಣ ಬೆಳೇರಿಯವರು ಮಣ್ಣು ತುಂಬಿದ ಚೀಲಗಳಲ್ಲಿ ಭತ್ತ ಬೆಳೆಸಿ 650ಕ್ಕೂ ಹೆಚ್ಚು ತಳಿ ಉಳಿಸಿದ್ದಾರೆ. ಅವರಿಗೆ 2024ರಲ್ಲಿ ಪದ್ಮಶ್ರೀ ಬಂತು. ಒಬ್ಬರು ಚೀಲದಲ್ಲಿ ಭತ್ತ ಉಳಿಸುತ್ತಾರೆ, ನಾವು ಇರುವ ಗದ್ದೆಯನ್ನೇ ಮುಚ್ಚುವುದಾ?

ಇನ್ನೊಂದು ಮಾತು. ಈ ಗದ್ದೆ ಮೊದಲು ನಮ್ಮದಾಗಿರಲಿಲ್ಲ. ಅಜ್ಜ ಗೇಣಿ ಒಕ್ಕಲು. ಕೊಯ್ಲು ಆದ ಮೇಲೆ ಅಕ್ಕಿ ಮುಡಿ ಕಟ್ಟಿ ಧಣಿಗಳ ಮನೆಗೆ ಹೊತ್ತುಕೊಂಡು ಹೋಗಬೇಕಿತ್ತು. ಒಂದು ಮುಡಿಗೆ 42 ಸೇರು. ದೇವರಾಜ ಅರಸರು ಮುಖ್ಯಮಂತ್ರಿಯಾಗಿದ್ದಾಗ 1974ರಲ್ಲಿ ಭೂ ಸುಧಾರಣೆ ಕಾನೂನು ಗಟ್ಟಿಯಾಯಿತು. ಅಜ್ಜ ಡಿಕ್ಲರೇಶನ್ ಕೊಟ್ಟರು, ಭೂಮಿ ನಮ್ಮದಾಯಿತು. ಮೇಲಿನ ಬೆಟ್ಟು ಗದ್ದೆಗಳನ್ನು ತೋಟ ಮಾಡಿದ್ದು ಅಜ್ಜನೇ. ಆದರೆ ಬೈಲಿನ ಈ ಗದ್ದೆಯನ್ನು ಮುಟ್ಟಲಿಲ್ಲ. "ಇದು ಊಟದ್ದು" ಎನ್ನುತ್ತಿದ್ದರಂತೆ.

ಈಗ ನಮ್ಮ ಊರಲ್ಲೂ ಎಷ್ಟೋ ಕಡೆ "ಕೆಸರಿನಲ್ಲಿ ಒಂದು ದಿನ" ಮಾಡುತ್ತಾರೆ. ಕೆಸರಿನಲ್ಲಿ ಓಡಿ, ಹಗ್ಗ ಎಳೆದು, ಫೋಟೋ ತೆಗೆದು ಮನೆಗೆ ಹೋಗುತ್ತೇವೆ. ನನಗೂ ಖುಷಿಯೇ. ಆದರೆ ಮಾರನೇ ದಿನ ಆ ಗದ್ದೆಯಲ್ಲಿ ನೇಜಿ ನೆಡ್ಲಿಕ್ಕೆ ಯಾರೂ ಬರುವುದಿಲ್ಲ. ತೆನೆ ಕಟ್ಟುವ ದಿನ ಮಾತ್ರ ಎಲ್ಲರಿಗೂ ಕದಿರು ಬೇಕು. ಕಳೆದ ಸಲ ಹತ್ತು ಮನೆಯವರು ನಮ್ಮ ಗದ್ದೆಯಿಂದ ಕೊಂಡುಹೋದರು. ನಮ್ಮದೂ ಹೋದರೆ ಕದಿರನ್ನು ಎಲ್ಲಿಂದ ತರುವುದು? ಅಂಗಡಿಯಿಂದಲಾ?

ಬರೀ ಬೇಡ ಬೇಡ ಎಂದರೆ ಸಾಲದು. ಅದಕ್ಕೆ ನಾನು ಅಪ್ಪನಿಗೆ ಹೇಳಿದ್ದು ಇಷ್ಟು. ಇರುವ ತೋಟದಲ್ಲಿ ಮರಗಳಿಗೆ ಕಾಳುಮೆಣಸಿನ ಬಳ್ಳಿ ಬಿಡುವ, ನಡುವೆ ಕೊಕ್ಕೊ ಇಡುವ. ಪುತ್ತೂರಿನಲ್ಲಿ 1986ರಿಂದ ಕ್ಯಾಂಪ್ಕೊ ಚಾಕಲೇಟ್ ಕಾರ್ಖಾನೆ ಉಂಟು, ಕೊಕ್ಕೊ ಬೀಜ ಬೇಕಾಗುತ್ತದೆ. ಗದ್ದೆಗೆ ನಾಟಿ ಯಂತ್ರ ಬಾಡಿಗೆಗೆ ತರುವ, ಅಮ್ಮನ ಸೊಂಟ ಉಳಿಯುತ್ತದೆ. ಯಂತ್ರ ಇಳಿಯದ ಮೂಲೆಯಲ್ಲಿ ಮಾತ್ರ ನಾವು ಕೈಯಿಂದ ನೆಡುವ. ಗದ್ದೆ ಇರುವ ನಾಲ್ಕು ಮನೆಯವರು ಮೊದಲಿನ ಹಾಗೆ ಮುಯ್ಯಿಗೆ ಕೆಲಸ ಮಾಡುವ, ಒಂದು ದಿನ ಅವರಲ್ಲಿ, ಒಂದು ದಿನ ನಮ್ಮಲ್ಲಿ. ಆದಿತ್ಯವಾರ ಆದರೆ ನಾನೂ ತಮ್ಮನೂ ಬರುತ್ತೇವೆ.

ಅಪ್ಪ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಮತ್ತೆ, "ಈ ಸಲದ ಏಣೇಲು ಮಾಡುವ. ಮತ್ತೆ ನೋಡುವ" ಎಂದರು. ಜೆಸಿಬಿಯವರಿಗೆ ಬೇಡ ಎಂದು ಇನ್ನೂ ಹೇಳಿಲ್ಲ. ನಾನು ದಿನಾ ಕೇಳುತ್ತಾ ಇದ್ದೇನೆ.

ಈಗ ಮಾವನಿಗೆ ಉತ್ತರ. ನೇಜಿಯ ಕಟ್ಟು ಹೊರುವಾಗ, ದನಕ್ಕೆ ಹುಲ್ಲು ತರುವಾಗ, ಅಂಗಳದಲ್ಲಿ ಅಡಿಕೆ ಹರವುವಾಗ "ಇವಳು ಹೋಗುವವಳು" ಎಂದು ಯಾರೂ ಹೇಳಲಿಲ್ಲ. ಕೆಲಸಕ್ಕೆ ನಾನು ಮನೆಯವಳು, ಮಾತಿಗೆ ಮಾತ್ರ ಹೊರಗಿನವಳು ಆಗುವುದು ನ್ಯಾಯವಲ್ಲ. ನಾನು ಓದಿ ಕೆಲಸಕ್ಕೂ ಹೋಗಬಹುದು, ಗದ್ದೆಯನ್ನೇ ಮಾಡಬಹುದು. ಎರಡಕ್ಕೂ ಮೊದಲು ಗದ್ದೆ ಇರಬೇಕಲ್ಲ? ತೋಟವನ್ನು ಯಾವಾಗ ಬೇಕಾದರೂ ಮಾಡಬಹುದು. ಮಣ್ಣು ಹಾಕಿ ಮುಚ್ಚಿದ ಗದ್ದೆ ಮತ್ತೆ ಗದ್ದೆಯಾಗುವುದು ಬಹಳ ಕಷ್ಟ.

ನಿಮ್ಮ ಮನೆಯಲ್ಲಿ ಗದ್ದೆ ಉಂಟಾ? ಎಷ್ಟು ಉಂಟು, ಯಾವಾಗ ತೋಟವಾಯಿತು, ಆಮೇಲೆ ಬಾವಿ ಹೇಗಾಯಿತು ಎಂದು ಮುಂದಿನ ಸಂಚಿಕೆಗೆ ಬರೆಯಿರಿ. ನನ್ನ ಲೆಕ್ಕದಲ್ಲಿ ತಪ್ಪಿದ್ದರೆ ಗುರುಗಳು ತಿದ್ದಬೇಕು. ಅಭಿಪ್ರಾಯದಲ್ಲಿ ತಪ್ಪಿದ್ದರೆ ಯಾರು ಬೇಕಾದರೂ ಇದರ ಪಕ್ಕದಲ್ಲೇ ಬರೆದು ಅಂಟಿಸಬಹುದು.

– ಏಳನೇ ತರಗತಿಯ ವಿದ್ಯಾರ್ಥಿನಿ, ಮಾಣಿ