ಹೆಂಡತಿ ತಂಗಿಯಾದ ಮನೆ

ಹದಿಹರೆಯದವರಿಗಾಗಿ ನಾಳಿನ ಲೋಕದ ಕಥೆಗಳನ್ನು ಬರೆದು ಕಳಿಸಿ ಎಂದು ಕೇಳಿದ್ದೆವು. ಬಂದ ಕಥೆಗಳಲ್ಲಿ ಹೆಚ್ಚಿನವು ಒಂದೇ ಊರಿನಲ್ಲಿ ನಡೆದಂತಿವೆ: ಎತ್ತರದ ಗೋಡೆ, ಬೀದಿಗೊಂದು ಕ್ಯಾಮೆರಾ, ಮುಖ ತೋರಿಸದ ಸರ್ಕಾರ, ಅದಕ್ಕೆ ಎದುರು ನಿಲ್ಲುವ ಹದಿನಾರರ ಹುಡುಗಿ. 2008ರಲ್ಲಿ ಬಂದ ಸುಝಾನ್ ಕಾಲಿನ್ಸ್ ಅವರ 'ದಿ ಹಂಗರ್ ಗೇಮ್ಸ್' ನಮ್ಮ ಮಕ್ಕಳನ್ನು ಎಷ್ಟು ಆವರಿಸಿದೆ ಎಂಬುದು ಇದರಿಂದ ಗೊತ್ತಾಗುತ್ತದೆ. ಅದರಲ್ಲಿ ತಪ್ಪೇನಿಲ್ಲ. ಆದರೆ ಈ ಕಥೆಗಳಲ್ಲಿ ಅಪ್ಪ ಅಮ್ಮ ಎಲ್ಲಿ? ಒಂದೋ ತೀರಿಕೊಂಡಿರುತ್ತಾರೆ, ಇಲ್ಲವೇ ಮೊದಲ ಪುಟದಲ್ಲೇ ಅವರನ್ನು ಯಾರೋ ಎಳೆದೊಯ್ದಿರುತ್ತಾರೆ. ನಮ್ಮಲ್ಲಿ ಹುಡುಗಿಯ ಓದು, ಫೋನು, ಮದುವೆಗಳನ್ನು ಮೊದಲು ಹಿಡಿತಕ್ಕೆ ತೆಗೆದುಕೊಳ್ಳುವವರು ಮನೆಯವರು. ಅದೂ ಪ್ರೀತಿಯಿಂದಲೇ.

ಅದೇ 2008ರಲ್ಲಿ ಮಂಜುಳಾ ಪದ್ಮನಾಭನ್ ಅವರ 'ಎಸ್ಕೇಪ್' ಕಾದಂಬರಿಯೂ ಬಂತು. ಹೆಣ್ಣುಗಳನ್ನೆಲ್ಲ ಅಳಿಸಿಹಾಕಿದ ದೇಶದಲ್ಲಿ ಮೂವರು ಅಣ್ಣತಮ್ಮಂದಿರು ಮೇಯ್ಜಿ ಎಂಬ ಹುಡುಗಿಯನ್ನು ಬಚ್ಚಿಟ್ಟು ಸಾಕುತ್ತಾರೆ. ಅವಳ ಮೈ ಬೆಳೆಯದಂತೆ ಔಷಧ ಕೊಡುತ್ತಾರೆ, ತಾನು ಯಾರೆಂಬುದನ್ನೇ ಅವಳಿಗೆ ಹೇಳುವುದಿಲ್ಲ. ಅವಳು ಬದುಕಿ ಉಳಿದದ್ದೂ ಆ ಗುಟ್ಟಿನಿಂದಲೇ. ಈ ಸಂಕಟವನ್ನು ಬಲ್ಲ ಕಥೆ ಕನ್ನಡದ ಹದಿಹರೆಯದವರಿಗೆ ಇನ್ನೂ ಸಿಕ್ಕಿಲ್ಲ ಎಂದೇ ನನ್ನ ಕೊರಗು.

ಪದ್ಮನಾಭನ್ ಅವರದೇ 'ಹಾರ್ವೆಸ್ಟ್' ನಾಟಕಕ್ಕೆ 1997ರಲ್ಲಿ ಗ್ರೀಸಿನ ಒನಾಸಿಸ್ ಪ್ರಶಸ್ತಿ ಬಂತು. ಮುಂಬಯಿಯ ಒಂದೇ ಕೋಣೆಯ ಮನೆ. ಕೆಲಸ ಕಳೆದುಕೊಂಡ ಓಂ ತನ್ನ ಅಂಗಾಂಗಗಳನ್ನು ಪರದೇಶದ ಸಿರಿವಂತರಿಗೆ ಬರೆದುಕೊಡುತ್ತಾನೆ. ಕಂಪನಿಗೆ ಬೇಕಾದವನು ಮದುವೆಯಾಗದ ಗಂಡು, ಹಾಗಾಗಿ ಹೆಂಡತಿ ಜಯಾ ಕಾಗದದಲ್ಲಿ ಅವನ ತಂಗಿಯಾಗುತ್ತಾಳೆ. ಮನೆಗೆ ಬಚ್ಚಲು ಬರುತ್ತದೆ, ಟಿವಿ ಬರುತ್ತದೆ; ಪರದೆಯ ಮೇಲೊಬ್ಬಳು ಕಾಣಿಸಿಕೊಂಡು ಇವರ ಊಟ, ಶುಚಿ, ನಡತೆಗಳ ಮೇಲೆ ಕಣ್ಣಿಡುತ್ತಾಳೆ.

ನಾಟಕ ಮುಂಬಯಿಯದಾದರೂ ನಾನು ಅದನ್ನು ಓದುವುದು ಚೆನ್ನೈ ನಗರವನ್ನು ನೆನೆದೇ. ಮೂತ್ರಪಿಂಡ ಮಾರಿದವರು ಬಹಳವಿದ್ದರೆಂದು ಅಲ್ಲಿನ ವಿಲ್ಲಿವಾಕ್ಕಂಗೆ ಜನ 'ಕಿಡ್ನಿವಾಕ್ಕಂ' ಎಂದು ಅಡ್ಡಹೆಸರಿಟ್ಟಿದ್ದರು. 1994ರ ಕಾಯ್ದೆ ಅಂಗಾಂಗ ಮಾರಾಟವನ್ನು ನಿಷೇಧಿಸಿತು. ಹತ್ತಿರದ ರಕ್ತಸಂಬಂಧಿಕರು, ಗಂಡ ಅಥವಾ ಹೆಂಡತಿ ಕೊಡಬಹುದು. ಹೊರಗಿನವರಾದರೆ ಪ್ರೀತಿ ವಿಶ್ವಾಸದಿಂದ ಕೊಡುತ್ತಿದ್ದೇವೆಂದು ಸಮಿತಿಯ ಮುಂದೆ ಹೇಳಿ ಒಪ್ಪಿಗೆ ಪಡೆಯಬೇಕು. ದಲ್ಲಾಳಿಗಳು ಹಿಡಿದದ್ದು ಈ ಬಾಗಿಲನ್ನೇ. ಸಾಲಗಾರ ಹೆಂಗಸಿಗೆ ಮುಖಪರಿಚಯವೂ ಇಲ್ಲದ ರೋಗಿಯ ಮೇಲೆ ಅಕ್ಕರೆ ಇದೆಯೆಂದು ಹೇಳಿಕೊಟ್ಟರು.

ಚೆನ್ನೈನಲ್ಲಿ ಮೂತ್ರಪಿಂಡ ಮಾರಿದ 305 ಜನರನ್ನು ಮಾತಾಡಿಸಿ ನಡೆಸಿದ ಅಧ್ಯಯನವೊಂದು 2002ರಲ್ಲಿ ಅಮೆರಿಕದ ವೈದ್ಯಕೀಯ ಪತ್ರಿಕೆ 'ಜಾಮಾ'ದಲ್ಲಿ ಪ್ರಕಟವಾಯಿತು. ಅವರಲ್ಲಿ ಹೆಚ್ಚಿನವರು ಹೆಂಗಸರು. ಶೇಕಡಾ 96ರಷ್ಟು ಮಂದಿ ಮಾರಿದ್ದು ಸಾಲ ತೀರಿಸಲು. ಆದರೂ ಮುಕ್ಕಾಲು ಪಾಲು ಜನರ ಸಾಲ ಹಾಗೇ ಉಳಿದಿತ್ತು, ಮನೆಯ ಆದಾಯ ಮೂರನೆಯ ಒಂದರಷ್ಟು ಇಳಿದಿತ್ತು. ನೀವೇ ಏಕೆ ಕೊಟ್ಟಿರಿ ಎಂದರೆ, ಗಂಡ ದುಡಿಯುವವನು ಎಂದವರು ಹಲವರು. ಸುನಾಮಿಯಲ್ಲಿ ನೆಲೆ ಕಳೆದುಕೊಂಡ ಮೀನುಗಾರ ಕುಟುಂಬಗಳನ್ನು ಎರ್ಣಾವೂರಿನ ಶಿಬಿರಕ್ಕೆ ತಂದಿರಿಸಿದ ಮೇಲೆ ಅಲ್ಲಿಗೂ ದಲ್ಲಾಳಿಗಳು ಹೋದರು. ಆ ಸುದ್ದಿ 2007ರಲ್ಲಿ ಹೊರಬಿತ್ತು.

ಅಂಥ ಮನೆಯಲ್ಲಿ ಹದಿನೈದರ ಮಗಳೊಬ್ಬಳು ಇದ್ದಾಳೆಂದುಕೊಳ್ಳಿ. ಅಮ್ಮನ ಪಕ್ಕೆಯ ಹೊಲಿಗೆಯ ಬಗ್ಗೆ ಅವಳಿಗೆ ಏನು ಹೇಳಿರಬಹುದು? ಬೇರೆ ಯಾವುದೋ ಆಪರೇಷನ್ ಅಂದಿರಬಹುದು. ತನ್ನ ಶಾಲೆಯ ಫೀಸು ಎಲ್ಲಿಂದ ಬಂತೆಂದು ತಿಳಿದ ದಿನ ಅವಳು ಯಾರ ಮೇಲೆ ಸಿಟ್ಟಾಗಬೇಕು? ಅಪ್ಪನ ಮೇಲೋ, ದಲ್ಲಾಳಿಯ ಮೇಲೋ, ಸುಮ್ಮನಿದ್ದ ಅಮ್ಮನ ಮೇಲೋ? ಈ ಕಥೆಗೆ ಕ್ಯಾಮೆರಾ ಬೇಕಿಲ್ಲ, ಗೋಡೆಯೂ ಬೇಕಿಲ್ಲ. ಹದಿನೈದರ ಓದುಗರು ಇದನ್ನು ತಡೆದುಕೊಳ್ಳಲಾರರು ಎನ್ನುವ ಹಿರಿಯರ ಮಾತನ್ನು ನಾನು ಒಪ್ಪುವುದಿಲ್ಲ. ಮನೆಯ ಪಿಸುಮಾತುಗಳಿಗೆ ಅವರಷ್ಟು ಕಿವಿಗೊಡುವವರು ಬೇರೆ ಯಾರೂ ಇಲ್ಲ.

ಈ ಸಂಚಿಕೆಗೆ ನಾವು ಆರಿಸಿದ್ದು ಅಡುಗೆಮನೆ ಹಜಾರಗಳಲ್ಲಿ ನಡೆಯುವ ಕಥೆಗಳನ್ನು. ಕೆಲವು ಇನ್ನೂ ಹಸಿಹಸಿಯಾಗಿವೆ, ತಿದ್ದದೆ ಬಿಟ್ಟಿದ್ದೇವೆ. ಮುಂದೆಯೂ ಕಳಿಸಿ. ಬರೆದವರು ಹದಿಹರೆಯದವರಾಗಿದ್ದು ಹೆಸರು ಹಾಕಿಕೊಳ್ಳಲು ಅಂಜಿಕೆಯಿದ್ದರೆ ತಿಳಿಸಿ. ಬೇರೆ ಹೆಸರಿನಲ್ಲಿ ಅಚ್ಚುಹಾಕುತ್ತೇವೆ.