ಕಳ್ಳರನ್ನ ಹಿಡೀರಿ, ಕೇರಿಯನ್ನ ಹಿಡೀಬೇಡಿ

ಸ್ವಲ್ಪ ಉದ್ದ ಇದೆ, ಪುರುಸೊತ್ತಾಗಿ ಓದಿ.

ನಮ್ಮ ಪೇಟೆ ಬೀದಿ ವರ್ತಕರೂ ಪೊಲೀಸರೂ ಸೇರಿ ಹೋದ ತಿಂಗಳು ಸಭೆ ಮಾಡಿದ್ದಾರೆ. ಬಟ್ಟೆ ಅಂಗಡಿ, ಫ್ಯಾನ್ಸಿ ಸ್ಟೋರು, ಸೂಪರ್ ಮಾರ್ಕೆಟ್ಟುಗಳಿಗೆ ಗುಂಪು ಕಟ್ಟಿಕೊಂಡು ಬಂದು ಮಾಲು ಎತ್ತೋರು ಜಾಸ್ತಿಯಾಗಿದ್ದಾರೆ, ತಡೀಬೇಕು ಅಂತ. ಸಭೆ ಮಾಡಿದ್ದು ತಪ್ಪಲ್ಲ, ಮಾಡಲೇಬೇಕಿತ್ತು. ಆದರೆ ಅಲ್ಲಿ ಆದ ತೀರ್ಮಾನ ಏನು? ಒಂದು ವಾಟ್ಸಾಪ್ ಗ್ರೂಪು. ಅನುಮಾನ ಬಂದವರ ಫೋಟೋ ಸಿಸಿಟಿವಿಯಿಂದ ತೆಗೆದು ಎಲ್ಲಾ ಅಂಗಡಿಯವರಿಗೂ ಹಂಚೋದು. ಎರಡು ವಾರ ಆಗಿರಲಿಲ್ಲ, ನಮ್ಮ ಕೇರಿಯ ಮೂವರು ಹೆಂಗಸರ ಫೋಟೋ ಅದರಲ್ಲಿ ಓಡಾಡ್ತಿದೆ. ಒಬ್ಬರು ಮನೆಗೆಲಸಕ್ಕೆ ಹೋಗೋ ಅಕ್ಕ. ಮೊಮ್ಮಗಳ ನಾಮಕರಣಕ್ಕೆ ಸೀರೆ ನೋಡಕ್ಕೆ ಅಕ್ಕಪಕ್ಕದವರನ್ನ ಕರ್ಕೊಂಡು ಹೋಗಿದ್ದರು. ಹತ್ತು ಸೀರೆ ತೆಗೆಸಿ ನೋಡಿ, ರೇಟು ಜಾಸ್ತಿ ಅಂತ ಬರಿಗೈಲಿ ಎದ್ದು ಬಂದರು. ಅಷ್ಟೇ ಅವರು ಮಾಡಿದ ಅಪರಾಧ. ಈಗ ಯಾವ ಅಂಗಡಿ ಮೆಟ್ಟಿಲು ಹತ್ತಿದರೂ ಹುಡುಗನೊಬ್ಬ ಹಿಂದೆ ನಿಂತಿರ್ತಾನೆ.

ಕಳ್ಳತನ ಸುಳ್ಳು ಅಂತ ನಾನು ಹೇಳ್ತಿಲ್ಲ. ಹಬ್ಬದ ರಶ್ಶಲ್ಲಿ ನಾಲ್ಕು ಜನ ಬರ್ತಾರೆ, ಇಬ್ಬರು "ಅದು ತೋರಿಸು, ಇದು ತೋರಿಸು" ಅಂತ ಸೇಲ್ಸ್ ಹುಡುಗೀನ ಸುಸ್ತು ಮಾಡ್ತಾರೆ, ಇನ್ನೊಬ್ಬರು ಅಡ್ಡ ನಿಲ್ತಾರೆ, ಮತ್ತೊಬ್ಬರ ಸೆರಗಿನೊಳಗೆ ಕಟ್ಟು ಹೋಗಿರುತ್ತೆ. ಇದು ನಡೀತಾ ಇದೆ. ಇದರ ಹೊಡೆತ ಸಾಹುಕಾರ್ರಿಗಿಂತ ಮೊದಲು ಬೀಳೋದು ಯಾರಿಗೆ ಗೊತ್ತಾ? ಆ ಸೇಲ್ಸ್ ಹುಡುಗಿಗೆ. ಸ್ಟಾಕ್ ಎಣಿಸಿದಾಗ ಮಾಲು ಕಮ್ಮಿ ಬಂದರೆ ಅವಳ ಸಂಬಳದಲ್ಲಿ ಹಿಡೀತಾರೆ. ಆಕೆಯದೇ ನಿರ್ಲಕ್ಷ್ಯ ಅಂತ ತೋರಿಸದೆ, ಆಕೆ ಮಾತು ಕೇಳದೆ ಹಾಗೆ ಸಂಬಳ ಕಡಿತ ಮಾಡೋದಕ್ಕೆ ಕಾನೂನು ಒಪ್ಪಲ್ಲ. ಆದರೂ ಮಾಡ್ತಾರೆ. ಆ ಹುಡುಗೀರಲ್ಲಿ ನಮ್ಮ ಮಕ್ಕಳೂ ಇದ್ದಾರೆ. ಹಾಗಾಗಿ ಕಳ್ಳರು ಸಿಕ್ಕಿಬೀಳಲಿ ಅನ್ನೋದು ನಮ್ಮ ಆಸೆಯೂ ಹೌದು.

ಈಗ ಕಾನೂನು ನೋಡಿ. 2024ರ ಜುಲೈ 1ರಿಂದ ಐಪಿಸಿ ಹೋಗಿ ಭಾರತೀಯ ನ್ಯಾಯ ಸಂಹಿತೆ ಬಂದಿದೆ. ಅದರ 303ನೇ ಕಲಂ ಪ್ರಕಾರ ಮೊದಲ ಸಲ ಸಿಕ್ಕಿಬಿದ್ದವರು, ಕದ್ದ ಮಾಲು 5,000 ರೂಪಾಯಿ ಒಳಗಿದ್ದು ಅದನ್ನ ವಾಪಸ್ ಕೊಟ್ಟರೆ ಜೈಲಲ್ಲ, ಸಮುದಾಯ ಸೇವೆ. ಒಳ್ಳೇದೇ. ಆದರೆ 112ನೇ ಕಲಂ ಅಂತ ಇನ್ನೊಂದಿದೆ, ಸಣ್ಣ ಸಂಘಟಿತ ಅಪರಾಧ ಅಂತ. ಗುಂಪು ಅಥವಾ ಗ್ಯಾಂಗಿನ ಸದಸ್ಯರಾಗಿ ಕದ್ದರೆ ಕನಿಷ್ಠ 1 ವರ್ಷ, ಗರಿಷ್ಠ 7 ವರ್ಷ ಜೈಲು, ಮೇಲೆ ದಂಡ. ಅಂಗಡಿ ಕಳ್ಳತನವನ್ನೂ ಅದರಲ್ಲಿ ಹೆಸರಿಟ್ಟೇ ಸೇರಿಸಿದ್ದಾರೆ. ಎಷ್ಟು ಜನ ಸೇರಿದರೆ ಗ್ಯಾಂಗು ಅಂತ ಮಾತ್ರ ಆ ಕಲಮಿನಲ್ಲಿ ಬರೆದಿಲ್ಲ. ನಮ್ಮ ಹೆಂಗಸರು ಒಬ್ಬೊಬ್ಬರೇ ಪೇಟೆಗೆ ಹೋಗೋದೇ ಇಲ್ಲ, ನಾಲ್ಕು ಜನ ಆಟೋ ಹಂಚಿಕೊಂಡೇ ಹೋಗೋದು. ಅನುಮಾನದ ಕಣ್ಣಿಗೆ ಅದೇ ಗ್ಯಾಂಗ್ ಆಗಿಬಿಟ್ಟರೆ? ಒಂದು ಕಡೆ ಸಮುದಾಯ ಸೇವೆ, ಇನ್ನೊಂದು ಕಡೆ 7 ವರ್ಷ. ನಡುವೆ ಇರೋದು ಎಫ್‌ಐಆರ್ ಬರೆಯೋರ ಪೆನ್ನು. ಆ ಪೆನ್ನು ಯಾರ ಮಾತು ಕೇಳಿ ಓಡುತ್ತೆ ಅನ್ನೋದೇ ನನ್ನ ಪ್ರಶ್ನೆ.

ಬೆಂಗಳೂರು ಅವೆನ್ಯೂ ರೋಡಿನ ಸೀರೆ ಅಂಗಡಿ ಪ್ರಕರಣ ಮರೆತಿಲ್ಲ ತಾನೆ? 2025ರ ಸೆಪ್ಟೆಂಬರ್. ಸೀರೆ ಕದ್ದಳು ಅಂತ ಒಬ್ಬ ಹೆಣ್ಣುಮಗಳನ್ನ ಹಾಡಹಗಲೇ ಬೀದಿಗೆ ಎಳೆದು ಒದ್ದರು. ಮೊದಲು ಜೈಲಿಗೆ ಹೋದವಳು ಆಕೆ. ಒದ್ದವರ ಬಂಧನ ಆಗಿದ್ದು ವಿಡಿಯೋ ಎಲ್ಲರ ಮೊಬೈಲಿಗೆ ಬಂದು ಜನ ಕೂಗಾಡಿದ ಮೇಲೆ. ಆಕೆ ಯಾವ ಜಾತಿ ಅನ್ನೋದು ನನಗಿಲ್ಲಿ ಮುಖ್ಯ ಅಲ್ಲ. ಕದ್ದಿದ್ದರೆ ಕೋರ್ಟು ಶಿಕ್ಷೆ ಕೊಡಲಿ. ಬೂಟುಗಾಲಲ್ಲಿ ಶಿಕ್ಷೆ ಕೊಡಕ್ಕೆ ಅಂಗಡಿಯವನಿಗೆ ಯಾವ ಸೆಕ್ಷನ್ ಅಧಿಕಾರ ಕೊಟ್ಟಿದೆ? ವಿಡಿಯೋ ಇಲ್ಲದೆ ಹೋಗಿದ್ದರೆ ಅದೂ "ವರ್ತಕರ ಸಹಕಾರ" ಅಂತಲೇ ಲೆಕ್ಕಕ್ಕೆ ಹೋಗ್ತಿತ್ತು.

ನಮಗೆ ಇದೇನು ಹೊಸದಲ್ಲ. 1871ರಲ್ಲಿ ಬ್ರಿಟಿಷರು ಅಪರಾಧಿ ಬುಡಕಟ್ಟುಗಳ ಕಾಯ್ದೆ ಮಾಡಿ, ಹುಟ್ಟಿದ ಕೂಸನ್ನೂ ಕಳ್ಳ ಅಂತ ರಿಜಿಸ್ಟರಿನಲ್ಲಿ ಬರೆದರು. ಕೊರಚ, ಕೊರಮರನ್ನ ಬೇಲಿ ಹಾಕಿ ಕೂಡಿಹಾಕಿದರು. ಹುಬ್ಬಳ್ಳಿ, ಗದಗದಲ್ಲಿ ಇವತ್ತಿಗೂ ಸೆಟ್ಲ್‌ಮೆಂಟ್ ಅಂತಲೇ ಕರೆಯೋ ಏರಿಯಾಗಳಿವೆ. ನಮ್ಮ ರಾಜ್ಯದ ಪರಿಶಿಷ್ಟ ಜಾತಿ ಪಟ್ಟಿಯಲ್ಲಿ ಗಂಟಿಚೋರ್ ಅಂತ ಒಂದು ಸಮುದಾಯ ಇದೆ. ಹೆಸರಲ್ಲೇ ಚೋರ್! ಆ ಮಗು ಶಾಲೆಗೆ ಸರ್ಟಿಫಿಕೇಟ್ ಕೊಡುವಾಗ ಏನನ್ನಿಸಬೇಡ? 1952ರಲ್ಲಿ ಕಾಯ್ದೆ ರದ್ದಾಯ್ತು. ರಿಜಿಸ್ಟರು ಹೋಯ್ತು, ಈಗ ವಾಟ್ಸಾಪ್ ಬಂತು.

ಸುಪ್ರೀಂ ಕೋರ್ಟು 2024ರಲ್ಲಿ ಎರಡು ಸಲ ಈ ಬಗ್ಗೆ ಹೇಳಿದೆ. ಮೇ ತಿಂಗಳಲ್ಲಿ ಅಮಾನತುಲ್ಲಾ ಖಾನ್ ಪ್ರಕರಣದಲ್ಲಿ, ದಲಿತ ಹಿಂದುಳಿದವರು ಅನ್ನೋ ಕಾರಣಕ್ಕೆ ಕಣ್ಣುಮುಚ್ಚಿ ಹಿಸ್ಟರಿ ಶೀಟ್ ತೆರೀಬೇಡಿ, ಅದು ಪೊಲೀಸರ ಒಳಗಿನ ದಾಖಲೆ, ಬಹಿರಂಗ ಮಾಡೋದಲ್ಲ ಅಂತು. ಅಕ್ಟೋಬರ್ 3ರಂದು ಜೈಲುಗಳ ಜಾತಿಭೇದದ ತೀರ್ಪಿನಲ್ಲಿ, ವಿಮುಕ್ತ ಬುಡಕಟ್ಟಿನವರನ್ನ ಮನಸೋ ಇಚ್ಛೆ ಬಂಧಿಸದಂತೆ ನೋಡಿಕೊಳ್ಳಿ ಅಂತ ಪೊಲೀಸರಿಗೆ ಸೂಚಿಸ್ತು. ಶಿಕ್ಷೆಯಾದವನ ಹಿಸ್ಟರಿ ಶೀಟನ್ನೇ ಪೊಲೀಸರು ಬೀದಿಗೆ ಹಾಕಂಗಿಲ್ಲ ಅಂದಮೇಲೆ, ಒಂದು ಕೇಸೂ ಇಲ್ಲದ ಹೆಂಗಸಿನ ಮುಖವನ್ನ ಫ್ಯಾನ್ಸಿ ಸ್ಟೋರಿನವರು ಹೇಗೆ ಹಂಚ್ತಾರೆ? ಅದೂ ಪೊಲೀಸರು ಇರೋ ಗ್ರೂಪಲ್ಲಿ!

ಸರಿ, ಮತ್ತೆ ಸಹಕಾರ ಹೇಗಿರಬೇಕು? ಸೀರೆ ಕಟ್ಟುಗಟ್ಟಲೆ ಕದಿಯೋರು ಉಡಕ್ಕೆ ಕದಿಯಲ್ಲ, ಮಾರಕ್ಕೆ ಕದೀತಾರೆ. ಅಷ್ಟೊಂದು ಮಾಲನ್ನ ಬಿಲ್ಲಿಲ್ಲದೆ, ಅರ್ಧ ರೇಟಿಗೆ ಕೊಳ್ಳೋನು ಯಾರು? ಅವನೂ ಅಂಗಡಿಯವನೇ! ಇನ್ನೊಂದು ಊರಿನ ಅಂಗಡಿಯವನು ಅಥವಾ ಸಂತೆ ವ್ಯಾಪಾರಿ. ಕದ್ದ ಮಾಲನ್ನ ತಿಳಿದೂ ಕೊಳ್ಳೋದೇ ದಂಧೆ ಮಾಡಿಕೊಂಡವನಿಗೆ 317ನೇ ಕಲಮಿನಲ್ಲಿ ಜೀವಾವಧಿ ಅಥವಾ 10 ವರ್ಷದವರೆಗೂ ಶಿಕ್ಷೆ ಇದೆ. ವರ್ತಕರ ಸಂಘಕ್ಕೆ ನಿಜವಾಗಿ ಕಳ್ಳತನ ನಿಲ್ಲಬೇಕು ಅಂದರೆ ಹೆಂಗಸರ ಸೆರಗು ನೋಡೋದು ಬಿಟ್ಟು ಬಿಲ್ಲಿಲ್ಲದ ಮಾಲು ಯಾರ ಗೋಡೌನಿಗೆ ಬರ್ತಿದೆ ಅಂತ ನೋಡಲಿ. ಪೇಟೆಯವರಿಗೆ ಇದು ಗೊತ್ತಿರೋ ಗುಟ್ಟೇ, ಆದರೆ ಸಭೆಯಲ್ಲಿ ಒಬ್ಬರೂ ಬಾಯಿಬಿಡಲಿಲ್ಲ.

ಮೊಬೈಲ್ ವಿಷಯದಲ್ಲಿ ನೋಡಿ. ಕಳೆದುಹೋದ ಫೋನಿನ ಐಎಂಇಐ ನಂಬರನ್ನ ಸಿಇಐಆರ್ ಪೋರ್ಟಲ್ಲಿನಲ್ಲಿ ಬ್ಲಾಕ್ ಮಾಡಿಸಿದರೆ ಆ ಫೋನು ಕೆಲಸಕ್ಕೆ ಬರಲ್ಲ. ಸೆಕೆಂಡ್ ಹ್ಯಾಂಡ್ ಕೊಳ್ಳೋನು ನಂಬರ್ ಹಾಕಿ ಚೆಕ್ ಮಾಡಬಹುದು. ಪೊಲೀಸರು, ಟೆಲಿಕಾಂ ಕಂಪನಿ, ಅಂಗಡಿ ಮೂವರೂ ಸೇರಿದರು, ಆದರೆ ಹುಡುಕಿದ್ದು ಮಾಲಿನ ನಂಬರು, ಮನುಷ್ಯರ ಬಣ್ಣ ಬಟ್ಟೆ ಅಲ್ಲ. ಬಟ್ಟೆಗೂ ಬಾರ್‌ಕೋಡ್ ಇದೆ, ಬ್ಯಾಚ್ ನಂಬರ್ ಇದೆ. ಕಳುವಾದ ಮಾಲಿನ ಪಟ್ಟಿ ಹಂಚಿಕೊಳ್ಳಿ, ಯಾರು ಬೇಡ ಅಂದರು?

ಇನ್ನು ಅಂಗಡಿಯವರು ತಮ್ಮ ಕಣ್ಣೆದುರೇ ಕದ್ದವರನ್ನ ಹಿಡಿದರೆ ಏನು ಮಾಡಬೇಕು ಅನ್ನೋದಕ್ಕೂ ಕಾನೂನಿದೆ. ನಾಗರಿಕ ಸುರಕ್ಷಾ ಸಂಹಿತೆಯ 40ನೇ ಕಲಂ ಪ್ರಕಾರ ತಡ ಮಾಡದೆ, ಹೆಚ್ಚೆಂದರೆ 6 ಗಂಟೆಯೊಳಗೆ ಪೊಲೀಸರಿಗೆ ಒಪ್ಪಿಸಬೇಕು. ಬಂಧನವಾದ ಮೇಲೂ ಹೆಂಗಸನ್ನ ಹೆಂಗಸೇ, ಮರ್ಯಾದೆಯಿಂದ ತಪಾಸಣೆ ಮಾಡಬೇಕು. ಸ್ಟೋರ್ ರೂಮಿನಲ್ಲಿ ಕೂಡಿಹಾಕಿ "ಐದು ಸಾವಿರ ಕಟ್ಟು, ಬಿಡ್ತೀವಿ" ಅನ್ನೋದು ಸಹಕಾರ ಅಲ್ಲ, ಅಪರಾಧ. ಜನರೆದುರು ಜಾತಿ ಹಿಡಿದು ಬೈದರೆ ದೌರ್ಜನ್ಯ ತಡೆ ಕಾಯ್ದೆ ಬೇರೆ.

ಠಾಣೆಯಲ್ಲಿ ನಮ್ಮ ಕುಂದುಕೊರತೆ ಸಭೆ ಮುಂದಿನ ಭಾನುವಾರ ಇದೆ. ಎರಡು ಸಲ ಮುಂದೂಡಿದ್ದಾರೆ (ವರ್ತಕರ ಸಭೆಗೆ ಮಾತ್ರ ಸಾಹೇಬ್ರು ಹೇಳಿದ ಟೈಮಿಗೆ ಹಾಜರು). ಈ ಸಲ ನಾವು ಬರೆದುಕೊಂಡೇ ಹೋಗ್ತಿದ್ದೀವಿ. ಫೋಟೋ ಗ್ರೂಪ್ ಮುಚ್ಚಬೇಕು. ಸಿಸಿಟಿವಿ ದೃಶ್ಯ ದೂರಿನ ಜೊತೆ ಠಾಣೆಗೆ ಮಾತ್ರ ಹೋಗಬೇಕು. ಆ ಮೂವರು ಹೆಂಗಸರ ಫೋಟೋ ತೆಗೆದು, ತೆಗೆದಿದ್ದೀವಿ ಅಂತ ಅದೇ ಗ್ರೂಪಲ್ಲಿ ಬರೀಬೇಕು. ಮುಂದಿನ ವರ್ತಕರ ಸಭೆಗೆ ಕೇರಿಯಿಂದ ಇಬ್ಬರನ್ನ, ಸೇಲ್ಸ್ ಹುಡುಗೀರಲ್ಲಿ ಒಬ್ಬಳನ್ನ ಕರೀಬೇಕು.

ಅಕ್ಕನ ಹತ್ತಿರ ನಿನ್ನೆ ಮಾತಾಡಿದೆ. ಬರ್ತೀನಿ ಅಂದಿದ್ದಾರೆ, ಆದರೆ ಮಗ ಬೇಡ ಅಂತಿದ್ದಾನಂತೆ. ಅವರ ಮನೆ ಕಡೆಯವರು ಯಾರಾದರೂ ಇದನ್ನ ಓದ್ತಿದ್ದರೆ ಹುಡುಗನಿಗೆ ಒಂದು ಮಾತು ಹೇಳಿ. ಗ್ರೂಪಿನ ಸ್ಕ್ರೀನ್‌ಶಾಟ್ ಇರೋರು ನನಗೆ ಇನ್‌ಬಾಕ್ಸ್ ಮಾಡಿ. ಇಲ್ಲಿ ಕಾಮೆಂಟಿನಲ್ಲಿ ಹಾಕಬೇಡಿ, ಆ ಮುಖಗಳು ಇನ್ನಷ್ಟು ಕಡೆ ಹೋಗೋದು ಬೇಡ.

ಜೈ ಭೀಮ್.